ಬಾಯ್ನ್ ನದಿ: ನಂಬಿದ್ದೂ ನಡೆದದ್ದೂ



ಐರ್ಲೆಂಡಿನ ನದಿ ಎಂದೊಡನೆ ಭೂಗೋಳ ಬಲ್ಲವರು ಶ್ಯಾನನ್ ಎನ್ನುತ್ತಾರೆ. ಸುಮಾರು 360 ಕಿಲೋಮೀಟರ್ ಉದ್ದ, ದಾರಿಯುದ್ದಕ್ಕೂ ದೊಡ್ಡ ದೊಡ್ಡ ಸರೋವರಗಳು. ಆ ದೇಶದ ಮಹಾನದಿ ಅದೇ. ಸಾಹಿತ್ಯ ಬಲ್ಲವರು ಲಿಫಿ ಎನ್ನುತ್ತಾರೆ. ಡಬ್ಲಿನ್ ನಗರದ ನಡುವೆ ಹರಿಯುವ, ಜೇಮ್ಸ್ ಜಾಯ್ಸ್ ತನ್ನ ಬರಹದಲ್ಲಿ ಮತ್ತೆ ಮತ್ತೆ ನೆನೆದ ನದಿ. ನಾನು ಇವತ್ತು ಹೇಳಹೊರಟಿರುವುದು ಮೂರನೆಯದೊಂದರ ಕತೆ. ಅದರ ಹೆಸರು ಬಾಯ್ನ್. ಉದ್ದ 112 ಕಿಲೋಮೀಟರ್, ಅಷ್ಟೇ. ಕಿಲ್ಡೇರ್ ಜಿಲ್ಲೆಯ ಕಾರ್ಬರಿ ಎಂಬ ಊರಿನ ಹತ್ತಿರ, ಟ್ರಿನಿಟಿ ಬಾವಿ ಎಂದು ಕರೆಯುವ ಒರತೆಯಲ್ಲಿ ಅದು ಹುಟ್ಟುತ್ತದೆ. ಮೀತ್ ಜಿಲ್ಲೆಯ ಹುಲ್ಲುಗಾವಲುಗಳ ನಡುವೆ ಅವಸರವಿಲ್ಲದೆ ಈಶಾನ್ಯಕ್ಕೆ ಹರಿದು, ಟ್ರಿಮ್, ನ್ಯಾವನ್, ಸ್ಲೇನ್, ಡ್ರಾಹೆಡ ಎಂಬ ಊರುಗಳನ್ನು ಹಾಯ್ದು ಐರಿಷ್ ಸಮುದ್ರ ಸೇರುತ್ತದೆ. ಎರಡನೆಯ ಶತಮಾನದಲ್ಲೇ ಭೂಗೋಳಜ್ಞ ಟಾಲೆಮಿ ಇದನ್ನು ಬುವಿಂದ ಎಂಬ ಹೆಸರಿನಲ್ಲಿ ಗುರುತಿಸಿದ್ದ.

ಉದ್ದದಲ್ಲಿ ಕಿರಿದಾದರೂ ಐರ್ಲೆಂಡಿನ ಇತಿಹಾಸದಲ್ಲಿ ಇದರ ಪಾಲು ದೊಡ್ಡದು. ಐದು ಸಾವಿರ ವರ್ಷ ಹಳೆಯ ಸಮಾಧಿಗಳು, ಸಂತ ಪ್ಯಾಟ್ರಿಕ್ ಹೊತ್ತಿಸಿದನೆಂಬ ಬೆಂಕಿ, ನಾರ್ಮನ್ನರ ಕೋಟೆ, ಕ್ರಾಮ್‌ವೆಲ್ ನಡೆಸಿದ ಕಗ್ಗೊಲೆ, ಇಬ್ಬರು ರಾಜರ ಕಾಳಗ, ಎಲ್ಲವೂ ಈ ದಂಡೆಯ ಮೇಲೆಯೇ. ಇಷ್ಟೆಲ್ಲ ನಡೆದ ಕಡೆ ಜನರ ನೆನಪೂ ದಟ್ಟವಾಗಿರುತ್ತದೆ. ಅದನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದೇ ಪ್ರಶ್ನೆ. ಬಾಯ್ನ್ ದಡದ ಹಳ್ಳಿಗರು ಹೇಳಿಕೊಂಡು ಬಂದ, ಪಂಡಿತರು ಕಿವಿಗೆ ಹಾಕಿಕೊಳ್ಳದ ಒಂದು ಮಾತು ಅಕ್ಷರಶಃ ನಿಜವಾಯಿತು. ಅದೇ ದಡದಲ್ಲಿ ನಡೆದ ಒಂದು ಕಾಳಗವನ್ನು ಪ್ರತಿವರ್ಷ ಡೋಲು ಬಾರಿಸಿ, ಬಾವುಟ ಹಿಡಿದು ಮೆರೆಸುವ ನೆನಪು ಮಾತ್ರ ತಾರೀಖಿನಿಂದ ಹಿಡಿದು ಅರ್ಥದವರೆಗೆ ಎಡವುತ್ತದೆ. ಈ ಎರಡನ್ನೂ ಎದುರುಬದುರು ಇಟ್ಟು ನೋಡೋಣ.

ಮೊದಲು ನದಿಯ ಹುಟ್ಟಿನ ಪುರಾಣ. ನೆಕ್ತನ್ ಎಂಬ ದೇವತೆಗೆ ಒಂದು ಬಾವಿಯಿತ್ತು. ಸುತ್ತ ಒಂಬತ್ತು ಹೇಜಲ್ ಮರಗಳು. ಅವುಗಳ ಕಾಯಿಯಲ್ಲಿ ಲೋಕದ ಜ್ಞಾನವೆಲ್ಲ ಅಡಗಿತ್ತು. ನೆಕ್ತನ್ ಮತ್ತು ಅವನ ಮೂವರು ಪರಿಚಾರಕರು ಬಿಟ್ಟರೆ ಯಾರೂ ಆ ಬಾವಿಯ ಹತ್ತಿರ ಸುಳಿಯುವಂತಿರಲಿಲ್ಲ. ಅವನ ಹೆಂಡತಿ ಬೋವಾನ್ ಈ ಕಟ್ಟಳೆಗೆ ಸೊಪ್ಪು ಹಾಕಲಿಲ್ಲ. ಬಾವಿಗೆ ಹೋಗಿ ಮೂರು ಸುತ್ತು ಬಂದಳು, ಅದೂ ಅಪ್ರದಕ್ಷಿಣವಾಗಿ. ನೀರು ಮೂರು ಅಲೆಯಾಗಿ ಉಕ್ಕಿ ಅವಳ ಕಾಲು, ಕೈ, ಕಣ್ಣನ್ನು ಊನಗೊಳಿಸಿತು. ಅವಳು ಕಡಲಿನ ಕಡೆ ಓಡಿದಳು, ನೀರು ಬೆನ್ನಟ್ಟಿತು. ಅವಳು ಓಡಿದ ದಾರಿಯೇ ನದಿಯಾಯಿತು. ಅವಳು ಅದರಲ್ಲೇ ಮುಳುಗಿದಳು. ನದಿಗೆ ಅವಳದೇ ಹೆಸರು.

ಆ ಬಾವಿಗೆ ಬಿದ್ದ ಕಾಯಿಗಳನ್ನು ತಿಂದ ಸಾಲ್ಮನ್ ಮೀನಿಗೆ ಸರ್ವಜ್ಞತ್ವ ಬಂತು. ಮೀನೂ ನದಿಗಿಳಿಯಿತು. ಅದನ್ನು ಹಿಡಿಯಲು ಫಿನೇಗಸ್ ಎಂಬ ಮುದಿ ಕವಿ ದಡದಲ್ಲಿ ಏಳು ವರ್ಷ ಕೂತಿದ್ದ. ಕೊನೆಗೂ ಮೀನು ಸಿಕ್ಕಿತು. ಬೇಯಿಸುವ ಕೆಲಸವನ್ನು ಶಿಷ್ಯನಾಗಿದ್ದ ಹುಡುಗನಿಗೆ ಕೊಟ್ಟು, ಒಂದು ಚೂರೂ ತಿನ್ನಕೂಡದೆಂದು ತಾಕೀತು ಮಾಡಿದ. ಹುಡುಗ ತಿನ್ನಲಿಲ್ಲ. ಬಿಸಿ ಮೀನು ತಾಗಿ ಹೆಬ್ಬೆರಳು ಸುಟ್ಟಿತು, ಬೆರಳನ್ನು ಬಾಯಿಗಿಟ್ಟುಕೊಂಡ, ಅಷ್ಟೇ. ಏಳು ವರ್ಷದ ತಪಸ್ಸಿನ ಫಲ ಅವನ ಪಾಲಾಯಿತು. ಆ ಹುಡುಗನೇ ಐರಿಷ್ ವೀರಗಾಥೆಗಳ ನಾಯಕ ಫಿನ್ ಮಕೂಲ್. ಇವತ್ತಿಗೂ ಐರ್ಲೆಂಡಿನ ಶಾಲೆಯ ಮಕ್ಕಳಿಗೆಲ್ಲ ಗೊತ್ತಿರುವ ಕತೆ ಇದು.

ಇನ್ನು ಆ ಸಮಾಧಿಗಳ ಕಡೆ ಬರೋಣ. ಸ್ಲೇನ್ ಊರನ್ನು ದಾಟಿದ ಮೇಲೆ ಬಾಯ್ನ್ ದಕ್ಷಿಣಕ್ಕೆ ಒಂದು ದೊಡ್ಡ ಬಳಸು ಹಾಕುತ್ತದೆ. ಆ ಬಾಗಿನೊಳಗಿನ ನೆಲಕ್ಕೆ ಬ್ರೂ ನ ಬೋನ್ಯೆ ಎಂದು ಹೆಸರು. 1993ರಲ್ಲಿ ಯುನೆಸ್ಕೋ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅಲ್ಲಿ ಮೂರು ದೊಡ್ಡ ದಿಬ್ಬಗಳಿವೆ: ನ್ಯೂಗ್ರೇಂಜ್, ನೌತ್, ಡೌತ್. ಇವುಗಳ ಸುತ್ತ ಹತ್ತಾರು ಚಿಕ್ಕ ದಿಬ್ಬಗಳು. ನ್ಯೂಗ್ರೇಂಜ್ ಕಟ್ಟಿದ್ದು ಕ್ರಿಸ್ತಪೂರ್ವ 3200ರ ಸುಮಾರಿಗೆ, ಎಂದರೆ ಗೀಜಾದ ಮಹಾ ಪಿರಮಿಡ್ಡಿಗಿಂತ ಆರು ಶತಮಾನ ಮೊದಲು. ಕಟ್ಟಿದವರು ರೈತರು. ಅವರಿಗೆ ಲೋಹ ಗೊತ್ತಿರಲಿಲ್ಲ, ಗಾಲಿ ಗೊತ್ತಿರಲಿಲ್ಲ. ಆದರೂ ದಿಬ್ಬದ ಅಗಲ ಸುಮಾರು 85 ಮೀಟರ್, ಎತ್ತರ 13 ಮೀಟರ್. ಬುಡದ ಸುತ್ತ 97 ಬಂಡೆಗಳ ಅಂಚುಗಟ್ಟು. ಬಿಳಿ ಬೆಣಚುಕಲ್ಲು ದಕ್ಷಿಣದ ವಿಕ್ಲೋ ಬೆಟ್ಟಗಳಿಂದ ಬಂದದ್ದು. ಉರುಟು ಗ್ರಾನೈಟ್ ಕಲ್ಲುಗಳು ಉತ್ತರದ ಕಡಲತೀರದಿಂದ ಬಂದವು. ಇಷ್ಟು ಭಾರವನ್ನು ತಂದ ದಾರಿ ಬಹುಪಾಲು ನೀರಿನದೇ ಇರಬೇಕು. ಕರಾವಳಿ ಹಿಡಿದು ಬಂದು ಬಾಯ್ನ್ ಅಳಿವೆಯಲ್ಲಿ ಒಳಕ್ಕೆ ತಿರುಗಿದರೆ ದಿಬ್ಬದ ಕೆಳಗೇ ಇಳಿಸಬಹುದು.

ಒಳಗೆ ಹೋಗೋಣ. ಬಾಗಿಲಲ್ಲಿ ಸುರುಳಿ ಸುರುಳಿಯಾಗಿ ಕೊರೆದ ದೊಡ್ಡ ಬಂಡೆ. ಅದರ ಹಿಂದೆ 19 ಮೀಟರ್ ಉದ್ದದ ಇಕ್ಕಟ್ಟಾದ ಓಣಿ. ಕೆಲವು ಕಡೆ ಬಗ್ಗಿ, ಕೆಲವು ಕಡೆ ಪಕ್ಕಕ್ಕೆ ತಿರುಗಿ ನಡೆಯಬೇಕು. ನಡೆಯುವವರಿಗೆ ಗೊತ್ತಾಗದ ಹಾಗೆ ನೆಲ ಮೇಲೇರುತ್ತ ಹೋಗುತ್ತದೆ. ಕೊನೆಯಲ್ಲಿ ಮೂರು ಗೂಡುಗಳಿರುವ ಒಂದು ಕೋಣೆ. ತಲೆಯೆತ್ತಿದರೆ ಕಲ್ಲಿನ ಮೇಲೆ ಕಲ್ಲನ್ನು ಸ್ವಲ್ಪ ಸ್ವಲ್ಪವೇ ಒಳಕ್ಕೆ ಚಾಚಿ ಜೋಡಿಸಿ, ಆರು ಮೀಟರ್ ಎತ್ತರದಲ್ಲಿ ಒಂದು ಚಪ್ಪಡಿಯಿಂದ ಮುಚ್ಚಿದ ಸೂರು. ಗಾರೆಯ ಹೆಸರಿಲ್ಲ. ಐದು ಸಾವಿರ ವರ್ಷದ ಐರ್ಲೆಂಡಿನ ಮಳೆ ಸುರಿದೂ ಕೋಣೆ ಒಣಗಿಯೇ ಇದೆ. ಅದಕ್ಕೆ ಕಾರಣ ಇದು: ಓಣಿಯ ಸೂರಿನ ಚಪ್ಪಡಿಗಳ ಮೇಲ್ಮೈಯಲ್ಲಿ, ಯಾರ ಕಣ್ಣಿಗೂ ಬೀಳದ ಕಡೆ, ನೀರು ಹರಿದುಹೋಗಲು ಸಣ್ಣ ಕಾಲುವೆಗಳನ್ನು ಕೊರೆದಿದ್ದಾರೆ. ಸಂದುಗಳಿಗೆ ಸುಟ್ಟ ಮಣ್ಣನ್ನೂ ಕಡಲ ಮರಳನ್ನೂ ತುಂಬಿದ್ದಾರೆ. ಆ ಸುಟ್ಟ ಮಣ್ಣಿನ ಇಂಗಾಲವೇ ಮುಂದೆ ವಿಜ್ಞಾನಿಗಳಿಗೆ ಸಮಾಧಿಯ ವಯಸ್ಸನ್ನು ಹೇಳಿತು.

ಕಾಲ ಕಳೆದಂತೆ ದಿಬ್ಬದ ಅಂಚು ಕುಸಿದು ಬಾಗಿಲು ಮುಚ್ಚಿತು. 1699ರಲ್ಲಿ ಚಾರ್ಲ್ಸ್ ಕ್ಯಾಂಬೆಲ್ ಎಂಬ ಜಮೀನುದಾರನ ಆಳುಗಳು ರಸ್ತೆಗೆ ಕಲ್ಲು ಬೇಕೆಂದು ದಿಬ್ಬಕ್ಕೆ ಕೈಹಾಕಿದಾಗ ಓಣಿ ಕಾಣಿಸಿತು. ಆಮೇಲೆ ಬಂದ ಪಂಡಿತರು ಇದನ್ನು ಡೇನರು ಕಟ್ಟಿದ್ದು, ಈಜಿಪ್ಟಿನವರು ಕಟ್ಟಿದ್ದು ಎಂದೆಲ್ಲ ಊಹಿಸಿದರು. ತಮ್ಮೂರಿನ ರೈತರ ಪೂರ್ವಿಕರು ಕಟ್ಟಿರಬಹುದೆಂದು ಮಾತ್ರ ಅವರಿಗೆ ಬೇಗ ಹೊಳೆಯಲಿಲ್ಲ.

ಹಳ್ಳಿಗರ ಆ ಮಾತು ಇದು: ವರ್ಷದ ಯಾವುದೋ ಒಂದು ದಿನ ಹುಟ್ಟುವ ಸೂರ್ಯನ ಬೆಳಕು ಓಣಿಯೊಳಗೆ ನುಗ್ಗಿ, ತುತ್ತತುದಿಯ ಮೂರು ಸುರುಳಿಯ ಕಲ್ಲನ್ನು ಮುಟ್ಟುತ್ತದೆ. ಯಾವ ದಿನ ಎಂದು ಯಾರಿಗೂ ಗೊತ್ತಿರಲಿಲ್ಲ, ಕಂಡವರೂ ಇರಲಿಲ್ಲ. ಕಾರ್ಕ್ ವಿಶ್ವವಿದ್ಯಾಲಯದ ಪುರಾತತ್ವ ಪ್ರಾಧ್ಯಾಪಕ ಮೈಕೆಲ್ ಓಕೆಲಿ 1962ರಲ್ಲಿ ಇಲ್ಲಿ ಉತ್ಖನನ ಆರಂಭಿಸಿದಾಗ ಈ ಮಾತು ಅವರ ಕಿವಿಗೂ ಬಿತ್ತು. ಇಂಗ್ಲೆಂಡಿನ ಸ್ಟೋನ್‌ಹೆಂಜ್‌ನ ಕತೆ ಇಲ್ಲಿಗೆ ಬಂದು ಸೇರಿಕೊಂಡಿರಬೇಕು ಎಂದು ಮೊದಲು ಅಂದುಕೊಂಡರು. ಆದರೆ ಅಗೆಯುತ್ತ ಹೋದಂತೆ ಬಾಗಿಲಿನ ಮೇಲೆ ಒಂದು ವಿಚಿತ್ರ ಕಿಂಡಿ ಸಿಕ್ಕಿತು. ಬಾಗಿಲಿರುವಾಗ ಅದರ ಮೇಲೊಂದು ಕಿಂಡಿ ಯಾಕೆ? ಓಣಿ ಆಗ್ನೇಯಕ್ಕೆ ಮುಖಮಾಡಿದೆ. ಆ ದಿಕ್ಕಿನಲ್ಲಿ ಸೂರ್ಯ ಹುಟ್ಟುವುದು ಚಳಿಗಾಲದ ನಡುಮಧ್ಯದಲ್ಲಿ. 1967ರ ಡಿಸೆಂಬರ್ 21ರ ನಸುಕಿನಲ್ಲಿ ಓಕೆಲಿ ಒಬ್ಬರೇ ಕತ್ತಲ ಕೋಣೆಯೊಳಗೆ ಹೋಗಿ ಕಾದು ನಿಂತರು. ಸೂರ್ಯ ನದಿಯಾಚೆಯ ಗುಡ್ಡದ ಮೇಲೆ ಬಂದ. ಕಿಂಡಿಯಿಂದ ಒಂದು ತೆಳುಗೆರೆಯಷ್ಟು ಬೆಳಕು ಒಳಬಂದು, ನೆಲ ಹಿಡಿದು ತೆವಳಿ, ಅಗಲವಾಗಿ, ಕೋಣೆಯನ್ನೇ ಬೆಳಗಿತು. ಈ ನೋಟ ಹದಿನೇಳು ನಿಮಿಷ ಇರುತ್ತದೆ. ಆಮೇಲೆ ಮತ್ತೆ ಕತ್ತಲು.

ಓಣಿಯ ನೆಲ ಮೇಲೇರುತ್ತ ಹೋಗುವುದರ ಗುಟ್ಟೂ ಇದೇ. ಕೋಣೆಯ ನೆಲ ಬಾಗಿಲಿಗಿಂತ ಸುಮಾರು ಎರಡು ಮೀಟರ್ ಎತ್ತರದಲ್ಲಿದೆ; ಬಾಗಿಲಿನಿಂದ ಬರುವ ಬೆಳಕು ನಡುದಾರಿಯಲ್ಲೇ ನೆಲಕ್ಕೆ ಬಡಿದು ನಿಲ್ಲುತ್ತದೆ, ಮೇಲಿನ ಕಿಂಡಿಯ ಬೆಳಕಷ್ಟೇ ಒಳಮುಟ್ಟುತ್ತದೆ. ಈಗ ಸೂರ್ಯೋದಯವಾಗಿ ನಾಲ್ಕು ನಿಮಿಷದ ಮೇಲೆ ಬೆಳಕು ಒಳಬರುತ್ತದೆ. ಐದು ಸಾವಿರ ವರ್ಷದಲ್ಲಿ ಭೂಮಿಯ ಅಕ್ಷದ ಓರೆ ಸ್ವಲ್ಪ ಬದಲಾಗಿರುವುದನ್ನು ಲೆಕ್ಕ ಹಾಕಿದರೆ, ಕಟ್ಟಿದ ಕಾಲದಲ್ಲಿ ಸೂರ್ಯ ಇಣುಕಿದ ಗಳಿಗೆಯಲ್ಲೇ ಬರುತ್ತಿತ್ತು. ಕಾಕತಾಳೀಯ ಎನ್ನಲು ಇಲ್ಲಿ ಜಾಗವೇ ಉಳಿಯುವುದಿಲ್ಲ.

ಬಾಗಿಲು ಶತಮಾನಗಟ್ಟಲೆ ಮುಚ್ಚಿದ್ದರೂ, ಕಿಂಡಿ ಮಣ್ಣಿನಡಿ ಹೂತಿದ್ದರೂ ಈ ಮಾತು ಜನರ ಬಾಯಲ್ಲಿ ಹೇಗೆ ಉಳಿಯಿತು? ಮಧ್ಯಯುಗದ ಐರಿಷ್ ಕತೆಗಳಲ್ಲಿ ಈ ದಿಬ್ಬ ದಾಗ್ದಾ ಎಂಬ ದೇವತೆಯ ಮನೆ. ಅವನಿಗೂ ಬೋವಾನಳಿಗೂ ಕೂಡಿಕೆಯಾಗಿ ಏಂಗಸ್ ಹುಟ್ಟುವಾಗ, ಗುಟ್ಟು ಬಯಲಾಗದಿರಲೆಂದು ದಾಗ್ದಾ ಒಂಬತ್ತು ತಿಂಗಳನ್ನು ಒಂದೇ ದಿನವನ್ನಾಗಿ ಮಾಡಿದನಂತೆ. ಸೂರ್ಯನಿಗೂ ಕಾಲಕ್ಕೂ ಆ ದಿಬ್ಬಕ್ಕೂ ಏನೋ ಸಂಬಂಧವಿದೆ ಎಂಬ ಎಳೆ ಕತೆಗಳಲ್ಲಿ ತಪ್ಪದೆ ಬಂದಿದೆ. ಅದು ಐದು ಸಾವಿರ ವರ್ಷ ಕೈಬದಲಾಗುತ್ತ ಬಂದ ನೆನಪೇ ಎಂದು ಪ್ರಮಾಣ ಮಾಡಿ ಹೇಳುವುದು ದುಡುಕಾದೀತು. ಹಳ್ಳಿಗರ ಮಾತನ್ನು ಪರೀಕ್ಷೆಗೆ ಒಡ್ಡಬಹುದಿತ್ತು, ಒಬ್ಬರು ಆ ಕೆಲಸ ಮಾಡಿದರು ಎನ್ನುವುದು ಮುಖ್ಯ.

ಪಕ್ಕದ ನೌತ್ ದಿಬ್ಬವನ್ನು ಜಾರ್ಜ್ ಓಗನ್ ಎಂಬ ವಿದ್ವಾಂಸರು 1962ರಿಂದ ನಾಲ್ಕು ದಶಕಕ್ಕೂ ಹೆಚ್ಚು ಕಾಲ ಅಗೆದು ಶೋಧಿಸಿದರು. ಪಶ್ಚಿಮ ಯುರೋಪಿನ ಮಹಾಶಿಲಾ ಕಾಲದ ಕೆತ್ತನೆಯಲ್ಲಿ ಮೂರರಲ್ಲೊಂದು ಪಾಲು ಇದೊಂದೇ ದಿಬ್ಬದಲ್ಲಿದೆ ಎನ್ನುತ್ತಾರೆ.

ಇಲ್ಲಿಂದ ಕಾಲ ಬೇಗ ಬೇಗ ಸರಿಯುತ್ತದೆ. 433ರಲ್ಲಿ ಸಂತ ಪ್ಯಾಟ್ರಿಕ್ ಸ್ಲೇನ್ ಗುಡ್ಡದ ಮೇಲೆ ಈಸ್ಟರ್ ಬೆಂಕಿ ಹೊತ್ತಿಸಿ, ಎದುರಿನ ತಾರಾ ಗುಡ್ಡದ ಮೇಲಿದ್ದ ಮಹಾರಾಜನಿಗೆ ಸವಾಲು ಹಾಕಿದ ಎಂಬುದು ಐತಿಹ್ಯ. ಅದನ್ನು ಬರೆದಿಟ್ಟವರು ಎರಡು ಶತಮಾನ ಕಳೆದ ಮೇಲೆ ಬಂದವರು. 1172ರಲ್ಲಿ ಇಂಗ್ಲೆಂಡಿನ ದೊರೆ ಎರಡನೆಯ ಹೆನ್ರಿ ಮೀತ್ ಪ್ರಾಂತವನ್ನು ಹ್ಯೂ ಡ ಲೇಸಿ ಎಂಬ ನಾರ್ಮನ್ ಸರದಾರನಿಗೆ ಬರೆದುಕೊಟ್ಟ. ಅವನು ಟ್ರಿಮ್‌ನಲ್ಲಿ ಬಾಯ್ನ್ ದಂಡೆಗೆ ಹತ್ತಿಕೊಂಡೇ ಕಟ್ಟಿಸಿದ ಕೋಟೆ ಐರ್ಲೆಂಡಿನ ನಾರ್ಮನ್ ಕೋಟೆಗಳಲ್ಲೆಲ್ಲ ದೊಡ್ಡದು. ಅದರ ನಡುಗೋಪುರಕ್ಕೆ ಇಪ್ಪತ್ತು ಮೂಲೆ. ಬ್ರೇವ್‌ಹಾರ್ಟ್ ಸಿನಿಮಾ ನೋಡಿದವರು ಈ ಗೋಡೆಗಳನ್ನು ಇಂಗ್ಲೆಂಡಿನ ಯಾರ್ಕ್ ಕೋಟೆ ಎಂದು ತಿಳಿದು ನೋಡಿರುತ್ತಾರೆ.

ಅಳಿವೆಗೆ ಸ್ವಲ್ಪ ಮೇಲಿರುವ ಡ್ರಾಹೆಡ, ನದಿಯ ಎರಡು ದಡದಲ್ಲಿ ಎರಡು ಬೇರೆ ಬೇರೆ ಪಟ್ಟಣವಾಗಿ ಹುಟ್ಟಿ 1412ರಲ್ಲಿ ಒಂದಾಯಿತು. 1649ರ ಸೆಪ್ಟೆಂಬರ್ 11ರಂದು ಇಂಗ್ಲೆಂಡಿನ ಸೇನಾನಾಯಕ ಆಲಿವರ್ ಕ್ರಾಮ್‌ವೆಲ್‌ನ ಪಡೆ ಅದರ ಗೋಡೆ ಒಡೆದು ಒಳನುಗ್ಗಿತು. ಕಾವಲು ಸೈನ್ಯವನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ಕೊಂದರು. ಚರ್ಚಿನ ಗೋಪುರದಲ್ಲಿ ಅಡಗಿದವರಿಗೆ ಕೆಳಗಿನಿಂದ ಬೆಂಕಿ ಹಚ್ಚಿದರು. ಬದುಕುಳಿದ ಕೆಲವರನ್ನು ಬಾರ್ಬಡೋಸ್ ದ್ವೀಪಕ್ಕೆ ಸಾಗಿಸಿದರು. ಸತ್ತವರಲ್ಲಿ ಊರಿನ ಸಾಮಾನ್ಯ ಜನ ಎಷ್ಟು ಎಂಬ ಬಗ್ಗೆ ಇತಿಹಾಸಕಾರರು ಇನ್ನೂ ಜಗಳವಾಡುತ್ತಿದ್ದಾರೆ. ಐರ್ಲೆಂಡಿನಲ್ಲಿ ಕ್ರಾಮ್‌ವೆಲ್ ಎಂಬ ಹೆಸರು ಇಂದಿಗೂ ಶಾಪದಂತೆ ಕೇಳಿಸುವುದು ಈ ಊರಿನಿಂದಾಗಿ.

ಮಿತ್ರರೇ, ಈಗ ಆ ಎರಡನೆಯ ನೆನಪಿಗೆ ಬರುತ್ತೇನೆ. ಇಂಗ್ಲೆಂಡಿನ ಸಿಂಹಾಸನ ಕಳೆದುಕೊಂಡ ಎರಡನೆಯ ಜೇಮ್ಸ್ ಒಂದು ಕಡೆ, ಅದನ್ನು ಪಡೆದ ಮೂರನೆಯ ವಿಲಿಯಂ ಇನ್ನೊಂದು ಕಡೆ. ಜೇಮ್ಸ್ ವಿಲಿಯಮ್ಮನಿಗೆ ಸೋದರಮಾವನೂ ಹೌದು, ಹೆಣ್ಣು ಕೊಟ್ಟ ಮಾವನೂ ಹೌದು. ಜೇಮ್ಸ್ ಕ್ಯಾಥೊಲಿಕ್, ವಿಲಿಯಂ ಪ್ರಾಟೆಸ್ಟಂಟ್. 1690ರ ಬೇಸಿಗೆಯಲ್ಲಿ ಈ ಮಾವ ಅಳಿಯ ಡ್ರಾಹೆಡದ ಮೇಲುಗಡೆ, ಓಲ್ಡ್‌ಬ್ರಿಜ್ ಎಂಬ ಹಳ್ಳಿಯ ಹತ್ತಿರ ಬಾಯ್ನ್‌ನ ಆಚೆ ಈಚೆ ದಡದಲ್ಲಿ ಎದುರಾದರು. ವಿಲಿಯಮ್ಮನ ಕಡೆ ಸುಮಾರು 36 ಸಾವಿರ ಜನ. ಜೇಮ್ಸ್ ಕಡೆ 25 ಸಾವಿರದ ಒಳಗೆ.

ಕಾಳಗದ ನಿಜವಾದ ಕೀಲಿಕೈ ನದಿಯ ಹತ್ತಿರವೇ ಇತ್ತು. ಓಲ್ಡ್‌ಬ್ರಿಜ್‌ವರೆಗೂ ಬಾಯ್ನ್ ಕಡಲಿನ ಉಬ್ಬರವಿಳಿತಕ್ಕೆ ಸಿಕ್ಕಿದ ನದಿ; ಇಳಿತದ ಹೊತ್ತಿಗಷ್ಟೇ ಕಾಲುನಡಿಗೆಯಲ್ಲಿ ದಾಟಬಹುದು. ಬೆಳಿಗ್ಗೆ ವಿಲಿಯಂ ತನ್ನ ಸೈನ್ಯದ ಮೂರನೆಯ ಒಂದು ಭಾಗವನ್ನು ಮೇಲ್ಗಡೆಯ ರೋಸ್ನರೀ ಹಾಯ್ಗಡಕ್ಕೆ ಕಳಿಸಿದ. ಜೇಮ್ಸ್ ಅದನ್ನೇ ಮುಖ್ಯ ದಾಳಿ ಎಂದುಕೊಂಡು ತನ್ನ ಬಲದ ಹೆಚ್ಚಿನ ಪಾಲನ್ನು ಅತ್ತ ಹೊರಡಿಸಿದ. ಆ ಪಡೆಗಳು ನಡುವೆ ಇದ್ದ ಕೆಸರು ಕಮರಿಯನ್ನು ದಾಟಲಾಗದೆ ದಿನವಿಡೀ ಒಬ್ಬರ ಮುಖ ಒಬ್ಬರು ನೋಡುತ್ತ ನಿಂತವು. ಇತ್ತ ಇಳಿತದ ಹೊತ್ತಿಗೆ ವಿಲಿಯಮ್ಮನ ಡಚ್ ಕಾವಲು ಪಡೆ ನೀರಿಗಿಳಿಯಿತು. ಐರಿಷ್ ಕುದುರೆ ಸವಾರರು ಮತ್ತೆ ಮತ್ತೆ ಮೇಲೆ ಬಿದ್ದರು. ವಿಲಿಯಮ್ಮನ ಮುದಿ ಸೇನಾಪತಿ ಡ್ಯೂಕ್ ಶೋಂಬರ್ಗ್ ನದಿಯ ಹತ್ತಿರವೇ ಸತ್ತ. ಬೆಲ್‌ಫಾಸ್ಟಿನ ಗೋಡೆಚಿತ್ರಗಳಲ್ಲಿ ವಿಲಿಯಂ ಬಿಳಿ ಕುದುರೆಯೇರಿ ಬೀಗುತ್ತ ನದಿ ದಾಟುತ್ತಾನೆ. ಅವತ್ತು ಅವನ ಕುದುರೆ ಕೆಸರಿನಲ್ಲಿ ಹೂತು, ಉಬ್ಬಸದ ರೋಗಿಯಾಗಿದ್ದ ದೊರೆ ಇಳಿದು ಒದ್ದಾಡಬೇಕಾಯಿತು. ಸಂಜೆಯ ಹೊತ್ತಿಗೆ ಜೇಮ್ಸ್ ಡಬ್ಲಿನ್ನಿಗೆ ಓಡಿದ, ಕೆಲವೇ ದಿನದಲ್ಲಿ ಫ್ರಾನ್ಸಿಗೆ ಹೋದ. ಎರಡೂ ಕಡೆ ಸೇರಿ ಸತ್ತವರು ಸುಮಾರು 1,500 ಮಂದಿ.

ಈ ಕಾಳಗದ ನೆನಪಿಗೆ ಉತ್ತರ ಐರ್ಲೆಂಡಿನಲ್ಲಿ ಜುಲೈ 12 ಸಾರ್ವಜನಿಕ ರಜೆ. 1795ರಲ್ಲಿ ಹುಟ್ಟಿದ ಆರೆಂಜ್ ಆರ್ಡರ್ ಎಂಬ ಪ್ರಾಟೆಸ್ಟಂಟ್ ಸಂಘಟನೆ ಅಂದು ಕಿತ್ತಳೆ ಬಣ್ಣದ ಪಟ್ಟಿ ತೊಟ್ಟು ಮೆರವಣಿಗೆ ಹೊರಡಿಸುತ್ತದೆ. ಆದರೆ ಕಾಳಗ ನಡೆದದ್ದು ಜುಲೈ 12ರಂದು ಅಲ್ಲ. ಅಂದಿನ ಹಳೆಯ ಪಂಚಾಂಗದಲ್ಲಿ ಅದು ಜುಲೈ 1. ಈಗಿನ ಪಂಚಾಂಗಕ್ಕೆ ಹೊಂದಿಸಿದರೆ ಜುಲೈ 11. ಹನ್ನೆರಡನೆಯ ತಾರೀಖು ಮೊದಲು ಸೇರಿದ್ದು ಮರುವರ್ಷ ನಡೆದ ಆಕ್ರಿಮ್ ಯುದ್ಧಕ್ಕೆ. ಐರಿಷ್ ಸೈನ್ಯ ನಿಜವಾಗಿ ನೆಲಕಚ್ಚಿದ್ದು ಅಲ್ಲಿ, ಸತ್ತವರೂ ಹಲವು ಪಟ್ಟು. 1752ರಲ್ಲಿ ಬ್ರಿಟನ್ ಪಂಚಾಂಗ ಬದಲಿಸಿದ ಮೇಲೆ ಎರಡೂ ಕಲಸಿಹೋಗಿ, ಇಬ್ಬರು ರಾಜರು ಖುದ್ದಾಗಿ ನಿಂತಿದ್ದ ಬಾಯ್ನ್ ಹೆಸರೇ ಮೇಲಾಯಿತು.

ಅರ್ಥದಲ್ಲೂ ಹಾಗೆಯೇ. ಇದು ಕ್ಯಾಥೊಲಿಕ್ಕರ ಮೇಲೆ ಪ್ರಾಟೆಸ್ಟಂಟರ ಜಯ ಎಂದು ಎರಡು ಬಣದವರೂ ನಂಬಿದ್ದಾರೆ. ವಿಲಿಯಮ್ಮನಿಗೆ ಇದು ಫ್ರಾನ್ಸಿನ ಹದಿನಾಲ್ಕನೆಯ ಲೂಯಿಯ ವಿರುದ್ಧ ಯುರೋಪಿನಾದ್ಯಂತ ನಡೆಯುತ್ತಿದ್ದ ಯುದ್ಧದ ಒಂದು ತುಣುಕು. ಕ್ಯಾಥೊಲಿಕ್ ಸ್ಪೇನ್, ಕ್ಯಾಥೊಲಿಕ್ ಆಸ್ಟ್ರಿಯಾ ಅವನ ಮಿತ್ರಕೂಟದಲ್ಲೇ ಇದ್ದವು. ಹಾಗೆಂದು ಐರ್ಲೆಂಡಿನ ಕ್ಯಾಥೊಲಿಕ್ಕರ ಅಳಲನ್ನು ಸುಳ್ಳೆನ್ನಲಾಗದು. ಯುದ್ಧ 1691ರಲ್ಲಿ ಮುಗಿದ ಮೇಲೆ ಬಂದ ಕಾಯಿದೆಗಳು ಅವರಿಂದ ಜಮೀನು, ಓದು, ಮತದಾನ, ಶಾಸನಸಭೆಯ ಸ್ಥಾನ ಎಲ್ಲವನ್ನೂ ಒಂದೊಂದಾಗಿ ಕಿತ್ತುಕೊಂಡವು. ಗೆದ್ದವರು ಕಾಳಗದ ಜಾಗದಲ್ಲಿ 1736ರಲ್ಲಿ ಎತ್ತರದ ಸ್ಮಾರಕ ಸ್ತಂಭ ನಿಲ್ಲಿಸಿದರು. 1923ರಲ್ಲಿ ಅದನ್ನು ಸಿಡಿಮದ್ದಿಟ್ಟು ಉರುಳಿಸಲಾಯಿತು. ಈಗ ಉಳಿದಿರುವುದು ಬುಡ ಮಾತ್ರ.

ಈ ಕತೆಯ ಒಂದು ಕವಲು ನಮ್ಮ ನಾಡಿಗೂ ಬರುತ್ತದೆ. ಟ್ರಿಮ್‌ಗೆ ಕೆಲವೇ ಕಿಲೋಮೀಟರ್ ದೂರದ ಡ್ಯಾಂಗನ್‌ನಲ್ಲಿ ವೆಸ್ಲಿ ಎಂಬ ಪ್ರಾಟೆಸ್ಟಂಟ್ ಜಮೀನುದಾರರ ಬಂಗಲೆಯಿತ್ತು. 1760ರಲ್ಲಿ ಅಲ್ಲಿ ಹುಟ್ಟಿದ ರಿಚರ್ಡ್‌ನಿಗೆ ತಂದೆಯಿಂದ ಬಂದ ಬಿರುದು ಮಾರ್ನಿಂಗ್ಟನ್ನಿನ ಅರ್ಲ್. ಬಾಯ್ನ್ ಕಡಲು ಸೇರುವ ಅಳಿವೆಯ ಹಳ್ಳಿಯೇ ಆ ಮಾರ್ನಿಂಗ್ಟನ್. ಹೆಸರನ್ನು ವೆಲ್ಲೆಸ್ಲಿ ಎಂದು ತಿದ್ದಿಕೊಂಡ ರಿಚರ್ಡ್ 1798ರಲ್ಲಿ ಗವರ್ನರ್ ಜನರಲ್ ಆಗಿ ಭಾರತಕ್ಕೆ ಬಂದ. ಮರುವರ್ಷದ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸುಲ್ತಾನ್ ಮಡಿದ. ರಿಚರ್ಡನ ತಮ್ಮ ಆರ್ಥರ್, ಮುಂದೆ ವೆಲಿಂಗ್ಟನ್ ಡ್ಯೂಕ್ ಆದವನು, ಅದಕ್ಕೆ ಮೊದಲು ಐರಿಷ್ ಶಾಸನಸಭೆಯಲ್ಲಿ ಟ್ರಿಮ್‌ನ ಪ್ರತಿನಿಧಿಯಾಗಿದ್ದ. ಅವನು ಶ್ರೀರಂಗಪಟ್ಟಣದ ಅಧಿಕಾರ ವಹಿಸಿಕೊಂಡು ದರಿಯಾ ದೌಲತ್ ಅರಮನೆಯಲ್ಲೇ ಬಿಡಾರ ಹೂಡಿದ. ಮೈಸೂರು ಗೆದ್ದದ್ದಕ್ಕೆ ರಿಚರ್ಡನಿಗೆ ಸಿಕ್ಕಿದ್ದು ಐರ್ಲೆಂಡಿನ ಮಾರ್ಕ್ವೆಸ್ ಪದವಿ. ಇಂಗ್ಲೆಂಡಿನದು ಬರುತ್ತದೆಂದು ಕಾದಿದ್ದವನು ಇದು ಬರೀ ಚಿನ್ನದ ನೀರು ಹೊಯ್ದ ಆಲೂಗಡ್ಡೆ ಎಂದು ಕುದಿದ. ಆದರೂ ಆ ಮಾರ್ಕ್ವೆಸ್ ವೆಲ್ಲೆಸ್ಲಿಯ ಹೆಸರನ್ನೇ ದಿವಾನ್ ಪೂರ್ಣಯ್ಯ 1804ರಲ್ಲಿ ಶ್ರೀರಂಗಪಟ್ಟಣದ ಕಾವೇರಿ ಸೇತುವೆಗೆ ಇಟ್ಟರು. ಬಾಯ್ನ್ ಕಡೆಯವನೊಬ್ಬನ ಹೆಸರು ಕಾವೇರಿಯ ಮೇಲೆ ನಿಂತದ್ದು ಹೀಗೆ. ಟ್ರಿಮ್ ಪಟ್ಟಣದಲ್ಲಿ 1817ರಲ್ಲಿ ಎದ್ದ ವೆಲಿಂಗ್ಟನ್ ಸ್ತಂಭ ಇನ್ನೂ ಇದೆ. ಇನ್ನೊಂದು ಮಾತನ್ನೂ ಸೇರಿಸಬೇಕು. ಬ್ರಿಟಿಷ್ ಪಾರ್ಲಿಮೆಂಟಿನ ಬಾಗಿಲು ಕ್ಯಾಥೊಲಿಕ್ಕರಿಗೆ ತೆರೆದದ್ದು 1829ರಲ್ಲಿ. ಹೋರಾಟ ಐರಿಷ್ ನಾಯಕ ಡೇನಿಯಲ್ ಓಕಾನಲ್‌ನದು. ಆಗ ಪ್ರಧಾನಿಯಾಗಿದ್ದು, ಬೇರೆ ದಾರಿಯಿಲ್ಲವೆಂದು ಕಂಡು ಆ ಮಸೂದೆಯನ್ನು ದಾಟಿಸಿದವನು ಇದೇ ಆರ್ಥರ್ ವೆಲ್ಲೆಸ್ಲಿ.

ರಾಜರ ಮಾತು ಸಾಕು, ನದಿಯಿಂದ ಹೊಟ್ಟೆ ಹೊರೆದವರ ಮಾತೂ ಬೇಕು. ಬಾಯ್ನ್ ಮೀನುಗಾರರ ದೋಣಿ ನೋಡಿದರೆ ಹಂಪಿಯ ತುಂಗಭದ್ರೆಯಲ್ಲಿ ಹರಿಗೋಲು ಹತ್ತಿದವರಿಗೆ ಆಶ್ಚರ್ಯವಾಗುತ್ತದೆ; ಎರಡೂ ಅಷ್ಟು ಹತ್ತಿರ. ಅವರು ಅದನ್ನು ಕರಕ್ ಎನ್ನುತ್ತಾರೆ. ದೋಣಿಯನ್ನು ತಲೆಕೆಳಗಾಗಿ ಕಟ್ಟುತ್ತಾರೆ. ಹಸಿ ಹೇಜಲ್ ಕೋಲುಗಳನ್ನು ನೆಲದಲ್ಲಿ ದುಂಡಗೆ ನೆಟ್ಟು, ಬುಡದಲ್ಲಿ ಬುಟ್ಟಿಯ ಹಾಗೆ ಹೆಣೆದು ಅಂಚು ಮಾಡುತ್ತಾರೆ. ಕೋಲುಗಳನ್ನು ಎರಡು ಕಡೆಯಿಂದ ಬಗ್ಗಿಸಿ, ಅಡ್ಡಕ್ಕೂ ಉದ್ದಕ್ಕೂ ಕಟ್ಟಿ, ಬಾಗು ಕೂರಲೆಂದು ಮೇಲೆ ಕಲ್ಲು ಹೇರುತ್ತಾರೆ. ಆಮೇಲೆ ದನದ ಚರ್ಮ ಹೊದಿಸಿ ಬಿಗಿಯುತ್ತಾರೆ. ನೆಲದಿಂದ ಕಿತ್ತು ಮಗುಚಿದರೆ ದೋಣಿ ಸಿದ್ಧ. ಒಬ್ಬ ಹುಟ್ಟು ಹಾಕುತ್ತಿದ್ದ, ಇನ್ನೊಬ್ಬ ಬಲೆ ಬಿಡುತ್ತಿದ್ದ. ಇಪ್ಪತ್ತನೆಯ ಶತಮಾನದವರೆಗೂ ಡ್ರಾಹೆಡದ ಮೇಲ್ಗಡೆ ಸಾಲ್ಮನ್ ಹಿಡಿಯುತ್ತಿದ್ದುದು ಹೀಗೆ.

1748ರಲ್ಲಿ ನದಿಗೆ ಸಮನಾಗಿ ಕಾಲುವೆ ತೋಡುವ ಕೆಲಸ ಶುರುವಾಯಿತು. 1800ರ ಹೊತ್ತಿಗೆ ಕುದುರೆ ಎಳೆಯುವ ಸರಕು ದೋಣಿಗಳು ಕಡಲಕಡೆಯಿಂದ ನ್ಯಾವನ್‌ವರೆಗೆ ಹೋಗುವಂತಾಯಿತು. ಸ್ಲೇನ್‌ನ ದೊಡ್ಡ ಹಿಟ್ಟಿನ ಗಿರಣಿಗೆ ಅದೇ ಹೆದ್ದಾರಿ. ಅರ್ಧ ಶತಮಾನದಲ್ಲಿ ರೈಲು ಬಂದು ಕಾಲುವೆಯ ಅನ್ನ ಕಿತ್ತುಕೊಂಡಿತು. ಡ್ರಾಹೆಡದಲ್ಲಿ ಹಡಗುಗಳು ಕೂವೆಮರ ತಗ್ಗಿಸದೆ ಕೆಳಗೆ ಹಾಯಬೇಕೆಂಬ ಕಾರಣಕ್ಕೆ ರೈಲು ಸೇತುವೆಯನ್ನು ಬಲು ಎತ್ತರದಲ್ಲಿ ಕಟ್ಟಬೇಕಾಯಿತು. ಜಾನ್ ಮಕ್ನೀಲ್ ಎಂಬ ಇಂಜಿನಿಯರ್ ರೂಪಿಸಿದ ಆ ಸೇತುವೆ 1855ರಲ್ಲಿ ಮುಗಿಯಿತು. ಡಬ್ಲಿನ್ ಬೆಲ್‌ಫಾಸ್ಟ್ ರೈಲು ಇಂದಿಗೂ ಅದರ ಮೇಲೆಯೇ ಓಡುತ್ತದೆ.

ಆ ನಡುವೆ ಬಂತು 1845ರ ಆಲೂಗಡ್ಡೆ ರೋಗ, ಅದರ ಬೆನ್ನಿಗೆ ಮಹಾಕ್ಷಾಮ. ಡ್ರಾಹೆಡ ಬಂದರಿನಿಂದ ಸಾವಿರಾರು ಮಂದಿ ಲಿವರ್‌ಪೂಲಿಗೆ ಹಡಗು ಹತ್ತಿದರು. ಈ ಊರಿನಲ್ಲಿ ಇನ್ನೊಂದು ನೆನಪಿದೆ. 1847ರಲ್ಲಿ ತುರ್ಕಿಯ ಸುಲ್ತಾನ ಅಬ್ದುಲ್ ಮಜೀದ್ ಮೂರು ಹಡಗು ಧಾನ್ಯ ಕಳಿಸಿದ, ಆ ಉಪಕಾರಕ್ಕೆ ಊರಿನ ಲಾಂಛನದಲ್ಲಿ ಚಂದ್ರ ನಕ್ಷತ್ರ ಸೇರಿಸಿದರು ಎನ್ನುತ್ತಾರೆ. ಸುಲ್ತಾನ ಕ್ಷಾಮ ಪರಿಹಾರಕ್ಕೆ 1,000 ಪೌಂಡ್ ಕೊಟ್ಟದ್ದು ದಾಖಲೆಯಿರುವ ಸತ್ಯ. ಅವನು ಹಡಗು ಕಳಿಸಿದನೆನ್ನಲು ಗಟ್ಟಿ ಪುರಾವೆ ಸಿಕ್ಕಿಲ್ಲ. ಲಾಂಛನದ ಚಂದ್ರ ನಕ್ಷತ್ರವಂತೂ ಕ್ಷಾಮಕ್ಕಿಂತ ಎಷ್ಟೋ ಶತಮಾನ ಹಳೆಯದು. ನ್ಯೂಗ್ರೇಂಜ್‌ನ ಮಾತು ಪೂರ್ತಿ ನಿಜವಾಯಿತು, ಇದು ಅರೆಬರೆ. ಆದರೂ ದೂರದೇಶದ ದಾನಿಯನ್ನು ಮರೆಯಬಾರದೆಂಬ ಮನಸ್ಸು ಇದರ ಹಿಂದಿದೆ, ಅದಕ್ಕೂ ಬೆಲೆಯಿದೆ.

ಕ್ಷಾಮದ ಆ ವರ್ಷಗಳಲ್ಲೇ, 1849ರಲ್ಲಿ, ಡಬ್ಲಿನ್ನಿನ ವೈದ್ಯ ವಿಲಿಯಂ ವೈಲ್ಡ್ ಈ ನದಿಯ ಉದ್ದಕ್ಕೂ ಇರುವ ಅವಶೇಷಗಳ ಮೇಲೆ ಒಂದು ಪುಸ್ತಕ ಬರೆದ. ಅವನ ಮಗ ಆಸ್ಕರ್ ವೈಲ್ಡ್ ಇನ್ನೂ ಹುಟ್ಟಿರಲಿಲ್ಲ. ಜನ ಸಾಯುತ್ತಿರುವಾಗ ಕಲ್ಲುಗಳ ಬಗ್ಗೆ ಬರೆಯುವುದೇ ಎಂದು ಕೇಳಬಹುದು. ಆದರೆ ಊರು ಖಾಲಿಯಾಗುವಾಗ ಊರಿನ ಕತೆಗಳೂ ಖಾಲಿಯಾಗುತ್ತವೆ. ಅವನ್ನು ಬರೆದಿಟ್ಟುಕೊಳ್ಳುವ ತುರ್ತು ಅವನಿಗೆ ಗೊತ್ತಿತ್ತು.

ನಮ್ಮ ಕಾಲದ ಬಾಯ್ನ್‌ಗೆ ತನ್ನದೇ ಕಷ್ಟಗಳಿವೆ. ಹೊಲಗಳಲ್ಲಿ ನೀರು ನಿಲ್ಲಬಾರದೆಂದು 1969ರಿಂದ ನದಿಯ ಪಾತ್ರವನ್ನೂ ಉಪನದಿಗಳನ್ನೂ ಯಂತ್ರಗಳಿಂದ ತೋಡಿ ಆಳ ಮಾಡಿದರು. ಹುಲ್ಲುಗಾವಲಿಗೆ ಅನುಕೂಲವಾಯಿತು, ಸಾಲ್ಮನ್ ಮೊಟ್ಟೆಯಿಡುವ ಜಲ್ಲಿಹಾಸುಗಳು ಕಿತ್ತುಹೋದವು. ಪುರಾಣದ ಮೀನಿಗೆ ಈಗ ಕಾವಲು ಬೇಕಾಗಿದೆ. ಇನ್ನೊಂದು ಕಡೆ, ಕಷ್ಟದಿಂದಲೇ ಒಂದು ಲಾಭವೂ ಆಯಿತು. 2018ರ ಜುಲೈಯಲ್ಲಿ ಐರ್ಲೆಂಡಿಗೆ ಅಪರೂಪದ ಬರ ಬಿತ್ತು. ನ್ಯೂಗ್ರೇಂಜ್ ಪಕ್ಕದ ಹೊಲದ ಮೇಲೆ ಆಂಟನಿ ಮರ್ಫಿ, ಕೆನ್ ವಿಲಿಯಮ್ಸ್ ಎಂಬ ಇಬ್ಬರು ಡ್ರೋನ್ ಹಾರಿಸಿದಾಗ, ಒಣಗಿದ ಬೆಳೆಯ ನಡುವೆ ಹಸಿರು ಚುಕ್ಕೆಗಳ ದೊಡ್ಡದೊಂದು ವೃತ್ತ ಕಾಣಿಸಿತು. ಸಾವಿರಾರು ವರ್ಷ ಹಿಂದೆ ಕಂಬ ನೆಟ್ಟ ಗುಂಡಿಗಳ ಗುರುತು ಅದು. ಹೂತುಹೋದ ಆ ಗುಂಡಿಗಳ ಮಣ್ಣು ತೇವ ಹಿಡಿದಿಟ್ಟುಕೊಂಡಿದ್ದರಿಂದ ಅವುಗಳ ಮೇಲಿನ ಬೆಳೆ ಮಾತ್ರ ಹಸಿರಾಗಿತ್ತು. ಮಳೆ ಬಂದ ಮೇಲೆ ಗುರುತು ಮಾಯವಾಯಿತು. ಅಷ್ಟರಲ್ಲಿ ಚಿತ್ರಗಳು ಪುರಾತತ್ವಜ್ಞರ ಕೈಸೇರಿದ್ದವು.

ಕೊನೆಯದಾಗಿ ಓಲ್ಡ್‌ಬ್ರಿಜ್. 2000ದಲ್ಲಿ ಐರ್ಲೆಂಡ್ ಸರ್ಕಾರ ಆ ಕಾಳಗದ ಬಯಲನ್ನು ಕೊಂಡುಕೊಂಡಿತು. ಕ್ಯಾಥೊಲಿಕ್ಕರು ಬಹುಸಂಖ್ಯರಾಗಿರುವ ದೇಶವೊಂದು, ತನ್ನವರ ಸೋಲಿನ ನೆಲವನ್ನು ಸಾರ್ವಜನಿಕ ಹಣದಿಂದ ಕೊಂಡು ಕಾಪಾಡುವುದು ಸಣ್ಣ ಮಾತಲ್ಲ. 2006ರಲ್ಲಿ ಐರ್ಲೆಂಡಿನ ಪ್ರಧಾನಿ ಬರ್ಟಿ ಅಹರ್ನ್, ಉತ್ತರದ ಉಗ್ರ ಪ್ರಾಟೆಸ್ಟಂಟ್ ನಾಯಕ ಇಯಾನ್ ಪೇಸ್ಲಿಯ ಮದುವೆಯ ಐವತ್ತನೆಯ ವರ್ಷಕ್ಕೆ ಒಂದು ಮರದ ಬಟ್ಟಲು ಕೊಟ್ಟರು. ಅದೇ ಬಯಲಿನಲ್ಲಿ ಬೆಳೆದ ವಾಲ್‌ನಟ್ ಮರದಿಂದ ಕಡೆದದ್ದು. 2007ರ ಮೇ ತಿಂಗಳಲ್ಲಿ ಪೇಸ್ಲಿ ಉತ್ತರ ಐರ್ಲೆಂಡಿನ ಮೊದಲ ಮಂತ್ರಿಯಾಗಿ ಓಲ್ಡ್‌ಬ್ರಿಜ್‌ಗೆ ಬಂದರು, ವಿಲಿಯಂ ಮತ್ತು ಜೇಮ್ಸ್‌ರ ಕಾಲದ ಒಂದು ಕೋವಿಯನ್ನು ಅಹರ್ನ್‌ಗೆ ಕೊಟ್ಟರು. ಮರುವರ್ಷ ಅಲ್ಲಿ ವಸ್ತುಸಂಗ್ರಹಾಲಯ ತೆರೆಯಿತು. ಎರಡು ಪಾಳೆಯಗಳು ಎಲ್ಲೆಲ್ಲಿ ನಿಂತಿದ್ದವು, ಉಬ್ಬರವಿಳಿತ ಏನು ಮಾಡಿತು, ತಾರೀಖು ಹೇಗೆ ಕಲಸಿಹೋಯಿತು, ಯಾರ ಸೈನ್ಯದಲ್ಲಿ ಯಾರಿದ್ದರು ಎಂಬುದನ್ನು ಈಗ ಎರಡೂ ಬಣದ ಶಾಲೆಯ ಮಕ್ಕಳು ಒಂದೇ ಛಾವಣಿಯಡಿ ನೋಡಬಹುದು.

ನೆನಪು ಸುಳ್ಳು, ದಾಖಲೆ ನಿಜ ಎಂದು ನಾನು ಹೇಳುತ್ತಿಲ್ಲ. ನ್ಯೂಗ್ರೇಂಜ್‌ನ ಹಳ್ಳಿಗರ ಹತ್ತಿರ ದಾಖಲೆಯೇ ಇರಲಿಲ್ಲ, ಆದರೂ ಅವರ ಮಾತು ನಿಜವಾಗಿತ್ತು. ಜುಲೈ 12ರ ಮೆರವಣಿಗೆಗೆ ಬೇಕಾದಷ್ಟು ದಾಖಲೆಯಿದ್ದೂ ಅದು ದಾರಿ ತಪ್ಪಿತು. ಓಕೆಲಿ ಹಳ್ಳಿಗರ ಮಾತನ್ನು ತಲೆಯ ಮೇಲೆ ಹೊತ್ತು ಮೆರೆಸಲೂ ಇಲ್ಲ, ತಳ್ಳಿಹಾಕಲೂ ಇಲ್ಲ. ಚಳಿಯಲ್ಲಿ ಎದ್ದುಹೋಗಿ ಪರೀಕ್ಷಿಸಿದರು. ಪೂರ್ವಿಕರ ಹೆಸರಿನಲ್ಲಿ ಜಗಳಕ್ಕೆ ಇಳಿಯುವ ಮೊದಲು ಇಷ್ಟು ಶ್ರಮ ಯಾವ ನಾಡಿನವರಿಗೂ ದುಬಾರಿಯಲ್ಲ.